ಹೊಲದಂಚಿಗೆ ಬಂದ ಹೊಸಬರು: ಹವ್ಯಾಸದ ಹಾರಾಟಕ್ಕೆ ಬರಮಾಡಿಕೊಳ್ಳುವ ಬಗೆ

ಕೆಲವು ವರ್ಷಗಳ ಹಿಂದೆ, ತೊಗರಿ ರಾಶಿ ಮುಗಿದು ಹೊಲಗಳು ಖಾಲಿಯಾಗಿದ್ದ ಒಂದು ಭಾನುವಾರ ಬೆಳಿಗ್ಗೆ, ಕಲಬುರಗಿಯ ಆಳಂದ ರಸ್ತೆಯ ಕಡೆಯ ಹೊಲವೊಂದರಲ್ಲಿ ನಾವು ನಾಲ್ಕೈದು ಜನ ಮಾದರಿ ವಿಮಾನಗಳನ್ನು ಹಾರಿಸುತ್ತಿದ್ದೆವು. ಟಿ.ವಿ. ಪೆಟ್ಟಿಗೆಯೊಳಗಿನ ಥರ್ಮೋಕೋಲನ್ನು ಕತ್ತರಿಸಿ ತಾನೇ ಮಾಡಿದ ವಿಮಾನವೊಂದನ್ನು ಎದೆಗವಚಿಕೊಂಡು ಒಬ್ಬ ಹುಡುಗ ಬದುವಿನ ಮೇಲೆ ಬಂದು ನಿಂತ. ಅರ್ಧ ಗಂಟೆ ಹಾಗೆಯೇ ನಿಂತಿದ್ದ. ನಾವು ನಮ್ಮ ನಮ್ಮ ಬ್ಯಾಟರಿ, ಮೋಟಾರುಗಳಲ್ಲಿ ಮುಳುಗಿದ್ದೆವು. ಒಬ್ಬರೂ ಅವನನ್ನು ಮಾತನಾಡಿಸಲಿಲ್ಲ. ಆಮೇಲೆ ತಿರುಗಿ ನೋಡಿದಾಗ ಬದು ಖಾಲಿಯಾಗಿತ್ತು. ಅವನು ಮತ್ತೆಂದೂ ಬರಲಿಲ್ಲ. ತಪ್ಪು ನಮ್ಮದು, ಅದರಲ್ಲೂ ಅಂದು ಗುಂಪಿನಲ್ಲಿ ಹಿರಿಯನಾಗಿದ್ದ ನನ್ನದು. ಅಂದಿನಿಂದ ಹೊಸಬರನ್ನು ಹೇಗೆ ಬರಮಾಡಿಕೊಳ್ಳಬೇಕೆಂದು ನಾವು ಒಂದೊಂದಾಗಿ ಕಲಿತದ್ದನ್ನು, ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳಲ್ಲಿ ಇಂಥದೇ ಸಣ್ಣ ಗುಂಪು ಕಟ್ಟಿಕೊಂಡವರಿಗೆ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಗುಂಪಿನಲ್ಲಿ ಈಗ ಒಂದೇ ನಿಯಮ ಎಲ್ಲಕ್ಕಿಂತ ಮೊದಲು ಬರುತ್ತದೆ. ಹೊಸಬರು ಏನನ್ನು ಹಿಡಿದುಕೊಂಡು ಬಂದಿದ್ದಾರೋ ಅದನ್ನೇ ಅವರು ಅಂದು ಹಾರಿಸಿ ಮನೆಗೆ ಹೋಗಬೇಕು. ನಮ್ಮ ದೊಡ್ಡ ವಿಮಾನವನ್ನು ತೋರಿಸಿ ಬೆರಗುಗೊಳಿಸುವುದು ಸುಲಭ. ಆದರೆ ಬೆರಗಾದವನು ನೋಡುಗನಾಗಿಯೇ ಉಳಿಯುತ್ತಾನೆ. ತಾನು ತಂದ ಹತ್ತು ರೂಪಾಯಿಯ, ಮೋಟಾರಿಲ್ಲದ ಗ್ಲೈಡರು ತನ್ನ ಕೈಯಿಂದಲೇ ಇಪ್ಪತ್ತು ಹೆಜ್ಜೆ ನೆಟ್ಟಗೆ ಹೋದದ್ದನ್ನು ಕಂಡವನು ಮುಂದಿನ ವಾರ ಮತ್ತೆ ಬರುತ್ತಾನೆ.

ತಂದದ್ದು ಎಷ್ಟು ಸಣ್ಣದೆಂಬ ಮಾತು ಹಾರಾಟದ ಮೈದಾನದಲ್ಲಿ ಏಳಲೇಬಾರದು. 1871ರಲ್ಲಿ ಪ್ಯಾರಿಸ್ಸಿನಲ್ಲಿ ಅಲ್ಫೋನ್ಸ್ ಪೆನೋ ಎಂಬ ಯುವಕ ರಬ್ಬರು ಹುರಿ ತಿರುಚಿ ಹಾರಿಬಿಟ್ಟ ಪುಟ್ಟ ಮಾದರಿ 11 ಸೆಕೆಂಡು ಗಾಳಿಯಲ್ಲಿತ್ತು. 1903ರ ಡಿಸೆಂಬರ್ 17ರಂದು ರೈಟ್ ಸಹೋದರರ ವಿಮಾನ ಮನುಷ್ಯನನ್ನು ಹೊತ್ತು ಮೊದಲ ಬಾರಿ ಹಾರಿದ್ದು 12 ಸೆಕೆಂಡು. ಅದಕ್ಕೂ ಮೊದಲು, 1899ರಲ್ಲಿ, ರೆಕ್ಕೆಯನ್ನು ತಿರುಚಿ ವಿಮಾನವನ್ನು ಓಲಾಡಿಸುವ ತಮ್ಮ ಉಪಾಯವನ್ನು ಆ ಸಹೋದರರು ಪರೀಕ್ಷಿಸಿ ನೋಡಿದ್ದು ಒಂದು ಗಾಳಿಪಟದಲ್ಲಿ. ನಮ್ಮ ದೇಶದ 1934ರ ವಿಮಾನ ಕಾಯ್ದೆಯು ವಿಮಾನವೆಂದರೆ ಏನೆಂದು ಹೇಳುವಾಗ ಬಲೂನು, ಗ್ಲೈಡರುಗಳ ಸಾಲಿನಲ್ಲಿ ಗಾಳಿಪಟವನ್ನೂ ಹೆಸರಿಸಿತ್ತು. ಸಂಕ್ರಾಂತಿಯಲ್ಲಿ ಮಾಳಿಗೆಯ ಮೇಲೆ ಪತಂಗ ಹಾರಿಸಿದ ಹುಡುಗಿ ನಮ್ಮ ಹೊಲಕ್ಕೆ ಬಂದಾಗ ಗಾಳಿಯ ಗುಣ ಅವಳಿಗೆ ಆಗಲೇ ಅರ್ಧ ಗೊತ್ತಿರುತ್ತದೆ.

ಜಾಗ ಮತ್ತು ಆಕಾಶ

ಹೊಸಬರನ್ನು ಕರೆಯುವ ಮೊದಲು ಕರೆಯುವ ಜಾಗ ಸರಿಯಾಗಿರಬೇಕು. ಕಲಬುರಗಿಯ ವಿಮಾನ ನಿಲ್ದಾಣವು ಸೇಡಂ ರಸ್ತೆಯ ಶ್ರೀನಿವಾಸ ಸರಡಗಿಯ ಬಳಿ 2019ರ ನವೆಂಬರ್ 22ರಿಂದ ಕೆಲಸ ಮಾಡುತ್ತಿದೆ. 2021ರ ಡ್ರೋನ್ ನಿಯಮಗಳ ಪ್ರಕಾರ, ನಡೆಯುತ್ತಿರುವ ವಿಮಾನ ನಿಲ್ದಾಣದ ಗಡಿಯಿಂದ 8 ಕಿ.ಮೀ. ಒಳಗೆ ಅನುಮತಿಯಿಲ್ಲದೆ ಹಾರಿಸುವ ಹಸಿರು ವಲಯ ಇಲ್ಲ. 8ರಿಂದ 12 ಕಿ.ಮೀ. ನಡುವೆ 200 ಅಡಿ, ಅಂದರೆ 60 ಮೀಟರ್ ಎತ್ತರದವರೆಗೆ ಮಾತ್ರ ಹಸಿರು. ಅದರಾಚೆ, ನಕಾಶೆಯಲ್ಲಿ ಬೇರೆ ನಿರ್ಬಂಧ ಇಲ್ಲದ ಕಡೆ, 400 ಅಡಿ, ಅಂದರೆ 120 ಮೀಟರ್. ರೇಡಿಯೋದಿಂದ ನಡೆಯುವ ಮಾದರಿ ವಿಮಾನಗಳೂ ಈ ನಿಯಮಗಳ ಕೆಳಗೇ ಬರುತ್ತವೆ. ಆದುದರಿಂದ ನಗರದ ಪೂರ್ವದ ಹೊಲಗಳ ಆಸೆ ಬಿಟ್ಟು ಆಳಂದ, ಅಫಜಲಪುರ ರಸ್ತೆಗಳ ಕಡೆಗೆ ಹೋಗುವುದು ಒಳ್ಳೆಯದು, ಮತ್ತು ಅಲ್ಲಿಯೂ ಡಿಜಿಟಲ್ ಸ್ಕೈ ಎಂಬ ಸರ್ಕಾರಿ ತಾಣದ ನಕಾಶೆಯನ್ನು ಪ್ರತಿ ಸಲ ನೋಡಿಯೇ ಹೊರಡಬೇಕು.

ಬೀದರಿನಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಅಲ್ಲಿ ವಾಯುಸೇನೆಯ ತರಬೇತಿ ನೆಲೆ ಊರಿಗೆ ಹೊಂದಿಕೊಂಡೇ ಇದೆ. ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಸೇನೆಯ ಸೂರ್ಯಕಿರಣ ತಂಡವು 1996ರಲ್ಲಿ ರೂಪುಗೊಂಡದ್ದು ಆ ನೆಲೆಯಲ್ಲಿಯೇ. ಬೀದರಿನ ಮಕ್ಕಳು ಶಾಲೆಯ ಅಂಗಳದಲ್ಲಿ ನಿಂತು ಹಾಕ್ ಜೆಟ್‌ಗಳನ್ನು ನೋಡುತ್ತಲೇ ಬೆಳೆಯುತ್ತಾರೆ, ಆದ್ದರಿಂದ ಹಾರಾಟದ ಹಂಬಲ ಅಲ್ಲಿ ಯಾರಿಗೂ ಹೊಸದಾಗಿ ಹುಟ್ಟಿಸಬೇಕಾಗಿಲ್ಲ. ಆದರೆ ಅದೇ ಕಾರಣಕ್ಕೆ ಊರಿನ ಸುತ್ತ ರೇಡಿಯೋ ವಿಮಾನವನ್ನಾಗಲಿ ಡ್ರೋನನ್ನಾಗಲಿ ಎತ್ತುವ ಯೋಚನೆಯನ್ನೇ ಮಾಡಬಾರದು. ಭಾಲ್ಕಿ, ಹುಮನಾಬಾದ ಕಡೆಯ ಬಯಲುಗಳನ್ನು ನಕಾಶೆಯ ಮೇಲೆ ಪರಿಶೀಲಿಸಿ ಆರಿಸಿಕೊಳ್ಳಬೇಕು. ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರಗಳಲ್ಲಿ ಕಾಲುವೆ ನೀರಿನ ಭತ್ತದ ಗದ್ದೆಗಳಿವೆ. ಅಲ್ಲಿ ಬಿದ್ದ ವಿಮಾನದೊಳಗಿನ, ರೇಡಿಯೋ ಸಂಕೇತ ಹಿಡಿಯುವ ರಿಸೀವರ್, ರೆಕ್ಕೆ ಬಾಲಗಳ ಪಟ್ಟಿಗಳನ್ನು ಅಲುಗಿಸುವ ಪುಟ್ಟ ಮೋಟಾರುಗಳಾದ ಸರ್ವೋಗಳು ಕೆಸರಿನಲ್ಲಿ ಕೆಟ್ಟುಹೋಗುತ್ತವೆ, ಪಂಪ್‌ಸೆಟ್ಟಿನ ವಿದ್ಯುತ್ ತಂತಿಗಳ ಅಪಾಯವೂ ಉಂಟು. ಮಳೆಯಾಶ್ರಿತ ತೊಗರಿ ಹೊಲವೇ ಲೇಸು.

ಹೊಲದ ಮಾಲಕರನ್ನು ಮೊದಲೇ ಕಂಡು ಒಪ್ಪಿಗೆ ಪಡೆಯಿರಿ. ರಾಶಿ ಮುಗಿದ ಮೇಲೆ, ಬಿತ್ತನೆಗೆ ಮುಂಚೆ, ಇಂತಿಷ್ಟು ಭಾನುವಾರ ಎಂದು ಸ್ಪಷ್ಟವಾಗಿ ಕೇಳಿದರೆ ನಮ್ಮ ಕಡೆ ಯಾರೂ ಸುಮ್ಮನೆ ಇಲ್ಲ ಎನ್ನುವುದಿಲ್ಲ. ಕತ್ತರಿಸಿದ ತೊಗರಿಯ ಕೂಳೆ ಮೊಳೆಯಂತೆ ಚುಚ್ಚುತ್ತದೆ, ಚಪ್ಪಲಿಯನ್ನೂ ತೂರಿ ಬರುತ್ತದೆ. ಬೂಟು ಹಾಕಿಕೊಂಡು ಬರಲು ಹೊಸಬರಿಗೆ ಹಿಂದಿನ ದಿನವೇ ತಿಳಿಸಬೇಕು. ಬೇಸಿಗೆಯಲ್ಲಿ ಎರೆಮಣ್ಣು ಬಾಯಿಬಿಟ್ಟು ಬಿರುಕಾಗುವುದರಿಂದ ಸಣ್ಣ ಗಾಲಿಯ ವಿಮಾನ ಓಡಿ ಮೇಲೇಳಲಾರದು. ಕೈಯಿಂದ ಎಸೆಯುವುದನ್ನೇ ಕಲಿಸಬೇಕಾಗುತ್ತದೆ.

ಸಮಯದ ವಿಷಯದಲ್ಲಿ ರಾಜಿ ಬೇಡ. ನವೆಂಬರಿನಿಂದ ಫೆಬ್ರವರಿಯವರೆಗಿನ ಬೆಳಗುಗಳು ಹೊಸಬರಿಗೆ ಅತ್ಯುತ್ತಮ. ಸೂರ್ಯ ಹುಟ್ಟಿದಾಗಿನಿಂದ ಒಂಬತ್ತೂವರೆಯವರೆಗೆ ಗಾಳಿ ತೂಗುತ್ತಿರುತ್ತದೆಯೇ ಹೊರತು ನೂಕುವುದಿಲ್ಲ. ಮಾರ್ಚಿನ ನಂತರ ಹತ್ತು ಗಂಟೆಗೇ ಕಾದ ನೆಲದಿಂದ ಬಿಸಿಗಾಳಿ ಎದ್ದು, ಮಧ್ಯಾಹ್ನ ಖಾಲಿ ಹೊಲಗಳಲ್ಲಿ ಸುಳಿಗಾಳಿ ಧೂಳೆಬ್ಬಿಸುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಪಡುವಣ ಗಾಳಿಯ ಹೊಡೆತ. ಗಾಳಿ ಅಳೆಯುವ ಯಂತ್ರ ಇಲ್ಲದಿದ್ದರೆ ಬೇವಿನ ಮರವನ್ನು ನೋಡಿ. ಮುಖಕ್ಕೆ ಗಾಳಿ ತಾಕಿ ಎಲೆಗಳು ಸರಸರ ಎಂದರೆ ಗಂಟೆಗೆ 6ರಿಂದ 11 ಕಿ.ಮೀ.; ಎಲೆಗಳ ಜೊತೆಗೆ ಸಣ್ಣ ಟೊಂಗೆಗಳೂ ಬಿಡದೆ ಅಲುಗುತ್ತಿದ್ದರೆ 12 ದಾಟಿದೆ, ಅಂದು ಹೊಸಬರ ಕೈಗೆ ರೇಡಿಯೋ, ಅಂದರೆ ವಿಮಾನ ನಡೆಸುವ ರಿಮೋಟ್, ಕೊಡಬೇಡಿ.

ಮೊದಲ ಮಾತು

ಬದುವಿನ ಮೇಲೆ ಯಾರಾದರೂ ಬಂದು ನಿಂತ ಕೂಡಲೇ ಒಬ್ಬರು ತಮ್ಮ ಕೆಲಸ ಬಿಟ್ಟು ಅವರ ಬಳಿಗೆ ಹೋಗಬೇಕು. ಯಾರು ಹೋಗಬೇಕೆಂಬುದನ್ನು ಬೆಳಿಗ್ಗೆಯೇ ಗೊತ್ತುಮಾಡಿಕೊಳ್ಳಿ, ಮತ್ತು ಆ ವ್ಯಕ್ತಿ ಅಂದು ತನ್ನ ವಿಮಾನವನ್ನು ಪೆಟ್ಟಿಗೆಯಿಂದ ತೆಗೆಯದಿರಲಿ. ಎರಡೂ ಕೆಲಸ ಒಬ್ಬರಿಂದ ಆಗುವುದಿಲ್ಲವೆಂಬುದು ನಮ್ಮ ಅನುಭವ. ದೊಡ್ಡವರಾದರೆ “ಬರ್ರಿ, ಕುಂದರ್ರಿ”, ಹುಡುಗನಾದರೆ “ಬಾರಪ್ಪ”, ಹುಡುಗಿಯಾದರೆ “ಬಾರವ್ವ” ಎಂದು ಕರೆದು, ಚಹಾ ಕೊಟ್ಟು, ಕೈಯಲ್ಲಿರುವುದರ ಕಡೆಗೆ ನೋಡಿ “ಇದನ್ನ ನೀವೇ ಮಾಡೀರೇನು?” ಎಂದು ಕೇಳಿ. ಎಷ್ಟಕ್ಕೆ ತಂದಿರಿ ಎಂದು ಕೇಳಲೇಬೇಡಿ. ಬೆಲೆಯ ಮಾತು ಬಂದ ಕ್ಷಣದಲ್ಲಿ ಕಡಿಮೆ ಬೆಲೆಯದನ್ನು ತಂದವರು ಒಂದು ಹೆಜ್ಜೆ ಹಿಂದೆ ಸರಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹೆಣ್ಣುಮಗಳೊಬ್ಬಳು ಅಣ್ಣನ ಜೊತೆಗೋ ತಂದೆಯ ಜೊತೆಗೋ ಬಂದಾಗ ನಮ್ಮವರ ಮಾತು ತಾನಾಗಿಯೇ ಆ ಗಂಡಸಿನ ಕಡೆಗೆ ಹೊರಳುತ್ತದೆ. ವಿಮಾನ ಅವಳ ಕೈಯಲ್ಲಿದ್ದರೆ ಪ್ರಶ್ನೆಯೂ ಉತ್ತರವೂ ಅವಳೊಡನೆಯೇ ನಡೆಯಬೇಕು. ಭಾಷೆಯ ಬಗೆಗೂ ಇದೇ ಕಾಳಜಿ ಇರಲಿ: ಕಲಬುರಗಿ, ಬೀದರಿನಲ್ಲಿ ಮನೆಮಾತು ದಖನಿ ಉರ್ದು ಇರಬಹುದು, ಭಾಲ್ಕಿ, ಔರಾದ ಕಡೆ ಮರಾಠಿ, ಸೇಡಂ, ಯಾದಗಿರಿ ಕಡೆ ತೆಲುಗು. ರೆಕ್ಕೆ ಎತ್ತುವುದು, ಬಾಲ ತಗ್ಗಿಸುವುದು ಯಾವ ಭಾಷೆಯಲ್ಲಾದರೂ ಹೇಳಬಹುದಾದ ಮಾತು. ಗೊತ್ತಿರುವ ಭಾಷೆಯಲ್ಲಿ ಕೇಳಿದವರು ಎರಡನೆಯ ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳುತ್ತಾರೆ.

ತಂದ ವಿಮಾನವನ್ನು ಹಾರುವಂತೆ ಮಾಡುವುದು

ಹೊಸಬರ ವಿಮಾನ ಹಾರದಿರುವುದಕ್ಕೆ ಬಹಳ ಸಲ ಕಾರಣ ಒಂದೇ: ಭಾರ ಸರಿಯಾದ ಜಾಗದಲ್ಲಿ ಇರುವುದಿಲ್ಲ. ಎರಡು ತೋರುಬೆರಳುಗಳ ತುದಿಯನ್ನು ರೆಕ್ಕೆಗಳ ಕೆಳಗೆ ಕೊಟ್ಟು ವಿಮಾನವನ್ನು ಎತ್ತಿ ಹಿಡಿದರೆ ಅದು ಸಮನಾಗಿ ನಿಲ್ಲುವ ಜಾಗವು, ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ ಕಾಲುಭಾಗ ಮತ್ತು ಮೂರನೆಯ ಒಂದು ಭಾಗದ ನಡುವೆ ಇರಬೇಕು. ಇದನ್ನು ನೀವು ಮಾಡಿ ತೋರಿಸಬೇಡಿ, ಅವರ ಬೆರಳುಗಳಿಂದಲೇ ಮಾಡಿಸಿ. ಬಾಲ ಜೋತುಬಿದ್ದರೆ ಮೂಗಿಗೆ ಒಂದು ನಾಣ್ಯವನ್ನೋ ಜೇಡಿಮಣ್ಣಿನ ಉಂಡೆಯನ್ನೋ ಅಂಟಿಸಿ, ಗಾಳಿಗೆ ಎದುರಾಗಿ, ಮೂಗು ಕೂದಲೆಳೆಯಷ್ಟು ಕೆಳಗೆ ಮಾಡಿ, ಮೆತ್ತಗೆ ಮುಂದಕ್ಕೆ ದೂಡುವಂತೆ ಬಿಡಿಸಿ. ಮೇಲಕ್ಕೆ ಎಸೆಯುವ ಆಸೆ ಎಲ್ಲರಿಗೂ ಇರುತ್ತದೆ, ಅದನ್ನು ಮೊದಲ ಸಲವೇ ತಡೆಯಬೇಕು. ವಿಮಾನ ಮೇಲೆದ್ದು, ಕ್ಷಣ ನಿಂತು, ದಪ್ಪನೆ ಮೂಗು ಕೆಳಗಾದರೆ ಬಾಲದ ಭಾರ ಇನ್ನೂ ಹೆಚ್ಚು. ನೇರ ನೆಲಕ್ಕೆ ಇಳಿದರೆ ಮೂಗಿನ ಭಾರ ಹೆಚ್ಚು. ನಾಲ್ಕೈದು ಎಸೆತಗಳಲ್ಲಿ ಹೊಸಬರು ತಾವೇ ಮಣ್ಣನ್ನು ಕಡಿಮೆ ಮಾಡುವುದನ್ನೂ ಹೆಚ್ಚು ಮಾಡುವುದನ್ನೂ ಕಲಿತುಬಿಡುತ್ತಾರೆ. ಅರ್ಧ ಗಂಟೆಯ ಈ ಆಟ ನನಗೆ ಇಂದಿಗೂ ಹಾರಾಟದ ಅತ್ಯಂತ ಪ್ರೀತಿಯ ಭಾಗ.

ಮೋಟಾರಿನ ವಿಮಾನವಾದರೆ ಪ್ರೊಪೆಲ್ಲರನ್ನು ಬಿಚ್ಚಿಟ್ಟ ಮೇಲೆಯೇ ಬ್ಯಾಟರಿ ಜೋಡಿಸಬೇಕು. ಹೊಸಬರನ್ನು ವಿಮಾನದ ಬಾಲದ ಹಿಂದೆ ನಿಲ್ಲಿಸಿ, ರೇಡಿಯೋದ ಸ್ಟಿಕ್ಕನ್ನು ಬಲಕ್ಕೆ ಒತ್ತಿದಾಗ ಬಲ ರೆಕ್ಕೆಯ ಹಿಂದಿನ ಅಂಚಿನ ಪಟ್ಟಿ, ಅಂದರೆ ಏಲರಾನ್, ಮೇಲೇಳುತ್ತದೆಯೇ, ಸ್ಟಿಕ್ಕನ್ನು ತಮ್ಮ ಕಡೆಗೆ ಎಳೆದಾಗ ಬಾಲದ ಅಡ್ಡ ಪಟ್ಟಿ, ಅಂದರೆ ಎಲಿವೇಟರ್, ಮೇಲೇಳುತ್ತದೆಯೇ ಎಂದು ನೋಡಿಸಿ. ಅಂಗಡಿಯಿಂದ ತಂದು ಮನೆಯಲ್ಲಿ ಜೋಡಿಸಿದ ವಿಮಾನಗಳಲ್ಲಿ ಈ ದಿಕ್ಕು ಉಲ್ಟಾ ಆಗಿರುವುದು ಅಪರೂಪವೇನಲ್ಲ, ಮತ್ತು ಅದು ಗೊತ್ತಾಗದೆ ಹಾರಿದ ವಿಮಾನ ಮೂರು ಸೆಕೆಂಡಿನಲ್ಲಿ ನೆಲದಲ್ಲಿರುತ್ತದೆ. ರೇಡಿಯೋ ಬಂದ್ ಮಾಡಿದರೆ ಮೋಟಾರು ತಾನಾಗಿ ನಿಲ್ಲುತ್ತದೆಯೇ ಎಂಬುದನ್ನೂ ಇದೇ ಹೊತ್ತಿಗೆ ಪರೀಕ್ಷಿಸಬೇಕು.

ಹಾರಿಸುವಾಗ ಕಲಿಸುವವರ ರೇಡಿಯೋಗೂ ಕಲಿಯುವವರ ರೇಡಿಯೋಗೂ ಟ್ರೇನರ್ ವೈರ್ ಜೋಡಿಸಿಕೊಂಡರೆ ಬಹಳ ಒಳ್ಳೆಯದು. ವಿಮಾನ ತಪ್ಪು ದಾರಿ ಹಿಡಿದಾಗ ಗುಂಡಿ ಬಿಟ್ಟರೆ ಸಾಕು, ಹಿಡಿತ ಅನುಭವಿಯ ಕೈಗೆ ಬರುತ್ತದೆ. ವೈರ್ ಇಲ್ಲದಿದ್ದರೆ ಭುಜಕ್ಕೆ ಭುಜ ತಾಗಿಸಿ ನಿಂತು, ನೀವೇ ಎತ್ತಿ, ಐವತ್ತು ಮೀಟರಿನಷ್ಟು ಎತ್ತರದಲ್ಲಿ ಸಮನಾಗಿಸಿದ ಮೇಲೆ ಅವರ ಕೈಗೆ ಕೊಡಿ. ಮೊದಲ ದಿನದ ಪಾಠ ಒಂದೇ, ಹೊಲದ ಆಚೆ ಬದಿಯಲ್ಲಿ ದೊಡ್ಡ ಸುತ್ತು. ಎಲ್ಲರೂ ಒಂದೇ ಸಾಲಿನಲ್ಲಿ ನಿಂತಿರಬೇಕು, ವಿಮಾನ ಆ ಸಾಲಿನ ಹಿಂದಕ್ಕೆ ಎಂದೂ ಬರಬಾರದು.

ಕಲಿಯುವವರನ್ನು ಎಲ್ಲಕ್ಕಿಂತ ಹೆಚ್ಚು ಕಂಗೆಡಿಸುವುದು ವಿಮಾನ ತಮ್ಮತ್ತ ತಿರುಗಿ ಬರುವ ಗಳಿಗೆ, ಏಕೆಂದರೆ ಆಗ ಎಡ ಬಲಗಳು ಅದಲುಬದಲಾಗಿ ಕಾಣುತ್ತವೆ. ನೊಗ ಹೊತ್ತ ಜೋಡೆತ್ತಿನ ಎದುರಿಗೆ ಬಂದು ನಿಂತರೆ ಎಡಗಡೆಯ ಎತ್ತು ನಮ್ಮ ಬಲಗೈಗೆ ಕಾಣುತ್ತದಲ್ಲ, ಹಾಗೆಯೇ ಇದು ಎಂದರೆ ನಮ್ಮ ಕಡೆಯವರಿಗೆ ತಟ್ಟನೆ ಹೊಳೆಯುತ್ತದೆ. ಆದರೆ ಹೊಳೆಯುವುದಕ್ಕೂ ಬೆರಳು ಸರಿಯಾಗಿ ಚಲಿಸುವುದಕ್ಕೂ ದೂರವಿದೆ, ಆದ್ದರಿಂದ ಒಂದು ಸುಲಭದ ಉಪಾಯವನ್ನು ಕಲಿಸಿ. ಎದುರಿಗೆ ಬರುತ್ತಿರುವ ವಿಮಾನದ ಯಾವ ರೆಕ್ಕೆ ಕೆಳಗಿಳಿದಿದೆಯೋ ಆ ಕಡೆಗೆ, ಬೀಳುತ್ತಿರುವ ರೆಕ್ಕೆಗೆ ಊರುಗೋಲು ಕೊಟ್ಟಂತೆ, ಸ್ಟಿಕ್ಕನ್ನು ಒತ್ತಬೇಕು, ರೆಕ್ಕೆ ಸಮನಾಗುತ್ತದೆ. ಐದು ನಿಮಿಷ ಹಾರಿಸಿದ ಮೇಲೆ ರೇಡಿಯೋ ವಾಪಸ್ಸು ತೆಗೆದುಕೊಂಡು ನೀವೇ ಇಳಿಸಿ. ಹತ್ತು ನಿಮಿಷಕ್ಕೆ ಎಳೆದರೆ ಕೈಯೂ ಕಣ್ಣೂ ದಣಿಯುತ್ತವೆ.

ಬಿದ್ದಾಗ

ಬೀಳುತ್ತದೆ. ಬಿದ್ದಾಗ ನಗಬಾರದು, ಅಯ್ಯೋ ಎಂದು ಕೂಗಲೂಬಾರದು. ಯಾರಿಗೂ ಪೆಟ್ಟಾಗಿಲ್ಲವೆಂದು ಖಚಿತಪಡಿಸಿಕೊಂಡು, ಹೊಸಬರ ಜೊತೆಗೆ ನಡೆದು ಹೋಗಿ, ಮೊದಲು ಬ್ಯಾಟರಿ ಬಿಚ್ಚಿ, ಚೂರುಗಳನ್ನೆಲ್ಲ ಆರಿಸಿಕೊಂಡು ಬನ್ನಿ. ಬಿಟ್ಟ ಥರ್ಮೋಕೋಲ್ ತುಂಡು ನಾಳೆ ದನದ ಹೊಟ್ಟೆಗೆ ಹೋಗುತ್ತದೆ. ರಿಪೇರಿಯ ಡಬ್ಬಿ ಹೊಲದಲ್ಲಿಯೇ ಇರಬೇಕು: ಅಗಲದ ಪ್ಯಾಕಿಂಗ್ ಟೇಪು, ಅಗರಬತ್ತಿಯ ಬಿದಿರು ಕಡ್ಡಿಗಳು, ಐದು ನಿಮಿಷದ ಎಪಾಕ್ಸಿ, ಬ್ಲೇಡು, ರಬ್ಬರ್ ಬ್ಯಾಂಡು, ಒಂದೆರಡು ಹೆಚ್ಚುವರಿ ಪ್ರೊಪೆಲ್ಲರ್. ಫೆವಿಕ್ವಿಕ್‌ನಂಥ ತಟ್ಟನೆ ಅಂಟುವ ಗಮ್ಮನ್ನು ಥರ್ಮೋಕೋಲಿಗೆ ಹಚ್ಚಬೇಡಿ, ಅದು ಅಂಟುವ ಬದಲು ಥರ್ಮೋಕೋಲನ್ನೇ ಕರಗಿಸಿ ಗುಂಡಿ ಮಾಡುತ್ತದೆ. ಮುರಿದ ರೆಕ್ಕೆಯೊಳಗೆ ಕಡ್ಡಿ ತೂರಿಸಿ ಟೇಪು ಸುತ್ತಿ ಅದೇ ಬೆಳಿಗ್ಗೆ ಮತ್ತೊಮ್ಮೆ ಹಾರಿಸಲು ಸಾಧ್ಯವಾದರೆ ಆ ಹೊಸಬರು ನಿಮ್ಮವರಾದರೆಂದೇ ತಿಳಿಯಿರಿ.

ಈ ವಿಮಾನಗಳಿಗೆ ಹಾಕುವ ಲಿಪೋ, ಅಂದರೆ ಲಿಥಿಯಂ ಪಾಲಿಮರ್, ಬ್ಯಾಟರಿಯ ವಿಷಯವನ್ನು ಮಾತ್ರ ನಯವಾಗಿ ಹೇಳದೆ ಕಟ್ಟುನಿಟ್ಟಾಗಿ ಹೇಳಬೇಕು. ತುಂಬಿದಾಗ ಒಂದು ಸೆಲ್‌ಗೆ 4.2 ವೋಲ್ಟ್, 3.5ಕ್ಕೆ ಇಳಿಯುವ ಮೊದಲೇ ವಿಮಾನ ಇಳಿದಿರಬೇಕು. ವಾರಗಟ್ಟಲೆ ಎತ್ತಿಡುವಾಗ 3.8ರ ಹತ್ತಿರ ಇರಬೇಕು. ಉಬ್ಬಿದ ಬ್ಯಾಟರಿಯನ್ನು ಚಾರ್ಜ್ ಮಾಡಕೂಡದು. ಕಲಬುರಗಿಯ ಮೇ ತಿಂಗಳಲ್ಲಿ ನೆರಳಿನಲ್ಲಿಯೇ 42 ಡಿಗ್ರಿ ದಾಟುವುದುಂಟು. ಮುಚ್ಚಿದ ಕಾರಿನಲ್ಲಿಯೋ ಬೈಕಿನ ಡಿಕ್ಕಿಯಲ್ಲಿಯೋ ಬಿಟ್ಟ ಲಿಪೋ ಬೆಂಕಿಗೆ ದಾರಿ. ಒಂದು ಬಕೆಟ್ ಮರಳು ಚಾರ್ಜರಿನ ಪಕ್ಕದಲ್ಲಿ ಯಾವಾಗಲೂ ಇರಲಿ.

ಬೇರೆ ಬೇರೆ ಹಂಬಲದವರು

ಡ್ರೋನು ತಂದವರನ್ನು ಹಳೆಯ ಮಾದರಿ ವಿಮಾನದವರು ದೂರ ಇಡುವ ರೂಢಿ ಕೆಲವು ಕಡೆ ಇದೆ; ಅದು ಸರಿಯಲ್ಲ. 250 ಗ್ರಾಂ ಒಳಗಿನ ಡ್ರೋನನ್ನು ಹಾರಿಸಲು, ಮತ್ತು ವ್ಯಾಪಾರದ ಉದ್ದೇಶವಿಲ್ಲದೆ 2 ಕೆ.ಜಿ. ವರೆಗಿನದನ್ನು ಹಾರಿಸಲು, ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ವಲಯ ಮತ್ತು ಎತ್ತರದ ನಿಯಮಗಳು ಅವರಿಗೂ ಅನ್ವಯಿಸುತ್ತವೆಂದು ತಿಳಿಸಿ, ಪಕ್ಕದ ಹೊಲದಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳ ಮೇಲೆ, ಮನೆಯಂಗಳಗಳ ಮೇಲೆ ಕ್ಯಾಮೆರಾ ತಿರುಗಿಸಬಾರದೆಂದು ಮೊದಲೇ ಹೇಳಿ ಜೊತೆಗೆ ಸೇರಿಸಿಕೊಳ್ಳಿ. ಪತಂಗದವರಿಗೆ ಹತ್ತಿಯ ದಾರ ಮಾತ್ರ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿಯೇ ನಿಷೇಧಿಸಿದೆ, ಮತ್ತು ಅದು ಹಕ್ಕಿಗಳ ರೆಕ್ಕೆಯನ್ನೂ ಬೈಕ್ ಸವಾರರ ಕೊರಳನ್ನೂ ಕೊಯ್ಯುತ್ತದೆ.

ಪ್ಯಾರಾಗ್ಲೈಡಿಂಗ್ ಕೇಳಿಕೊಂಡು ಬರುವ ಯುವಕರಿಗೆ ಇಲ್ಲಿನ ಗುಡ್ಡಗಳ ಮೇಲಿಂದ ಸ್ವಂತ ಪ್ರಯೋಗ ಬೇಡವೆಂದು ಗಟ್ಟಿಯಾಗಿ ಹೇಳಿ, ಮಹಾರಾಷ್ಟ್ರದ ಕಾಮಶೇತಿನಂಥ, ಕಲಿಸುವವರಿರುವ ಜಾಗಕ್ಕೆ ಕಳುಹಿಸಿ. ಒಳಗೆ ಕೂತೇ ಹಾರಬೇಕೆನ್ನುವವರೂ ಬರುತ್ತಾರೆ. ವಿಮಾನ ತರಬೇತಿ ಶಾಲೆಗಳಿಗಾಗಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವು 2021ರಲ್ಲಿ ಆರಿಸಿದ ಐದು ನಿಲ್ದಾಣಗಳಲ್ಲಿ ಕಲಬುರಗಿಯೂ ಒಂದಾಗಿದ್ದುದರಿಂದ ಈ ಪ್ರಶ್ನೆ ಈಗ ಹೆಚ್ಚಾಗಿದೆ. ವಿದ್ಯಾರ್ಥಿ ಪೈಲಟ್ ಪರವಾನಗಿಗೆ 16 ವರ್ಷ, ಖಾಸಗಿ ಪೈಲಟ್ ಪರವಾನಗಿಗೆ 17 ವರ್ಷ, ಹತ್ತನೆಯ ತರಗತಿ ಮತ್ತು ಕನಿಷ್ಠ 40 ಗಂಟೆಗಳ ಹಾರಾಟ ಬೇಕು. ನಾನು ಕೊಡುವ ಸಲಹೆ ಒಂದೇ: ಶುಲ್ಕವೆಂದು ಒಂದು ರೂಪಾಯಿ ಕಟ್ಟುವ ಮೊದಲು ಎರಡನೆಯ ದರ್ಜೆಯ ವೈದ್ಯಕೀಯ ಪರೀಕ್ಷೆ ಮಾಡಿಸಿಕೊಳ್ಳಿ. ಹೊಲ ಅಡವಿಟ್ಟು ಹಣ ಕಟ್ಟಿದ ಮೇಲೆ ಕಣ್ಣಿನ ದೋಷ ಗೊತ್ತಾಗುವುದು ಯಾವ ಮನೆಗೂ ಬೇಡ. ಅಲ್ಲಿಯವರೆಗೆ ಗ್ಲೈಡರು ಎಸೆಯುತ್ತ ನಮ್ಮ ಜೊತೆಗಿರಲಿ. ಭಾರದ ಜಾಗ, ಗಾಳಿಗೆ ಎದುರಾಗಿ ಇಳಿಯುವುದು, ವೇಗ ಸತ್ತಾಗ ಮೂಗು ತಗ್ಗಿಸುವುದು ದೊಡ್ಡ ವಿಮಾನದಲ್ಲಿಯೂ ಬದಲಾಗುವುದಿಲ್ಲ.

ಹೊರಡುವ ಮುನ್ನ ರೆಕ್ಕೆಯ ಅಡಿಯಲ್ಲಿ ಅವರ ಹೆಸರನ್ನೂ ಫೋನ್ ಸಂಖ್ಯೆಯನ್ನೂ ಬರೆಯಿಸಿ. ಜೋಳದ ಹೊಲದಲ್ಲಿ ಕಳೆದುಹೋದದ್ದು ಹದಿನೈದು ದಿನಗಳ ನಂತರ ಹೊಲದವರ ಕೈಯಿಂದ ಮರಳಿ ಬಂದ ಉದಾಹರಣೆ ನಮ್ಮಲ್ಲಿದೆ. ಸಂಜೆ ಅವರ ವಿಮಾನ ಗಾಳಿಯಲ್ಲಿರುವ ಚಿತ್ರವನ್ನು ಕಳುಹಿಸಿ. ಶುಕ್ರವಾರ ಮತ್ತೊಂದು ಸಂದೇಶ ಹೋಗಲಿ, ಅದರಲ್ಲಿ ಹೊಲದ ಗುರುತು, ಸೇರುವ ಸಮಯ, ಬೂಟಿನ ನೆನಪು ಇರಲಿ. ಎರಡನೆಯ ಸಲ ಬಂದವರನ್ನು ಸರದಿಯ ಕೊನೆಗೆ ನಿಲ್ಲಿಸಬೇಡಿ. ಆರೂವರೆಯ ಹೊತ್ತಿಗೆ ಬೇವಿನ ಎಲೆ ಇನ್ನೂ ಅಲುಗದಿರುವಾಗ ಸಿಗುವ ಮೊದಲ ಹಾರಾಟವನ್ನು ಅವರಿಗೇ ಬಿಟ್ಟುಕೊಡಿ. ಅನುಭವಿಗಳು ಒಂಬತ್ತರ ಗಾಳಿಯಲ್ಲಿಯೂ ಹಾರಿಸಬಲ್ಲರು.